ಕೈಯಿಟ್ಟು ಹೇಳಿದ ಮಾತು

ಕೆಳಗಿನಿಂದ ನೀವು ಕೇಳಿದಾಗ ಮೇಲಿನಿಂದ ಸುಳ್ಳು ಹೇಳುವುದಿಲ್ಲ ಎಂದು ಲಿಫ್ಟು ಕೂರಿಸುವ ಮೇಸ್ತ್ರಿಗೆ ಅವನ ಜೊತೆಗಾರ ಕುಳ್ಳ ಮಾತು ಕೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಈಗ ಅವನು ಅದೇ ಮೇಸ್ತ್ರಿಯ ಮನೆಯೆದುರಿನ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಒಳಗಿನ ಅಳತೆ ತೆಗೆಯುತ್ತಿದ್ದ. ಓರೆಯಾಗಿ ಹಿಡಿದರೂ ಐದು ಅಡಿ ದಾಟಲಿಲ್ಲ. ಮೇಸ್ತ್ರಿ ಐದು ಅಡಿ ಹತ್ತಂಗುಲದ ಆಳು. ಕಾಯಿಲೆ ಅವನ ಮೈಯಿಂದ ಮೂವತ್ತು ಕಿಲೋ ಕಿತ್ತುಕೊಂಡಿತ್ತು. ಎತ್ತರವನ್ನು ಮಾತ್ರ ಹಾಗೇ ಬಿಟ್ಟಿತ್ತು.

ಶವದ ವ್ಯಾನಿನ ಜೊತೆ ಬಂದಿದ್ದ ಇಬ್ಬರು ಸ್ಟ್ರೆಚರನ್ನು ಗೋಡೆಗೆ ಆನಿಸಿ ಕಾಯುತ್ತಿದ್ದರು.

"ಬೆಲ್ಟು ಬಿಗಿದು ನಿಲ್ಲಿಸಿಕೊಂಡು ಹೋಗೋಣ ಸಾರ್. ಎಲ್ಲಾ ಕಡೆ ಹಂಗೇ ಮಾಡೋದು" ಎಂದ ಅವರಲ್ಲಿ ಹಿರಿಯ.

"ಇವರನ್ನ ಬೇಡ. ಮೆಟ್ಟಿಲಲ್ಲಿ ಇಳಿಸೋಣ."

"ಐದನೇ ಮಹಡಿ."

"ಗೊತ್ತು. ನಾನೂ ಒಂದು ಕಡೆ ಹಿಡೀತೀನಿ."

ಮೂರನೇ ಮಹಡಿಯ ನಿವೃತ್ತ ಗುಮಾಸ್ತರು ಕೈಕಟ್ಟಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಜೀವಮಾನವಿಡೀ ಊರಿನವರನ್ನೆಲ್ಲ ಲಿಫ್ಟಿನಲ್ಲಿ ಹತ್ತಿಸಿ ಇಳಿಸಿದವನಿಗೆ ಕೊನೆಗೆ ಮೆಟ್ಟಿಲೇ ಗತಿಯಾಯಿತಲ್ಲ ಎಂದರು. ಯಾರೂ ನಗಲಿಲ್ಲ. ಮೇಸ್ತ್ರಿ ಇದ್ದಿದ್ದರೆ ನಗುತ್ತಿದ್ದ. ಬೇರೆ ಕಂಪನಿಯವರು ಕೂರಿಸಿದ್ದ ಈ ಲಿಫ್ಟನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಇದು ಲಿಫ್ಟಲ್ಲ, ಬಟ್ಟೆ ಇಡುವ ಬೀರು ಎಂದು ಬೈದುಕೊಂಡೇ ದಿನಾ ಹತ್ತುತ್ತಿದ್ದ.

ಕುಳ್ಳ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಒಳಗೆ ಬಂದ. ಮೇಸ್ತ್ರಿಯ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ಕಾದಿದ್ದಳು. ಅತ್ತೂ ಅತ್ತೂ ಅವಳ ಮುಖ ಊದಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು.

"ಅಣ್ಣ, ಅವರಕ್ಕ ಬಸ್ಸಿಳಿದಿದ್ದಾರಂತೆ. ಇನ್ನು ಹತ್ತು ನಿಮಿಷ. ಅವರೇನಾದ್ರೂ ಕೇಳಿದ್ರೆ ನೀವು ಸುಮ್ಮನಿದ್ದುಬಿಡಿ."

"ಏನು ಕೇಳ್ತಾರೆ?"

"ಏನಾದ್ರೂ" ಎಂದಳು ಅವಳು. ಸಿಂಕಿನಲ್ಲಿದ್ದ ಲೋಟಗಳನ್ನು, ಆಗಲೇ ತೊಳೆದಿದ್ದವನ್ನು, ಮತ್ತೆ ತೊಳೆಯತೊಡಗಿದಳು.

*

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರಿಬ್ಬರನ್ನೂ ಇನ್ನೊಂದು ತಂಡ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಅವಸರದಲ್ಲಿ ಕರೆಸಿದ್ದರು. ಲಿಫ್ಟು ಓಡಾಡುವ ಬಾವಿಯ ತಳದಲ್ಲಿ ಆಳುದ್ದದ ಒಂದು ಗುಂಡಿ ಇರುತ್ತದೆ. ಅದರೊಳಗೆ ಇಳಿದು ಕೆಲಸ ಮಾಡುವವನಿಗೆ, ಹತ್ತು ಮಹಡಿ ಮೇಲೆ ಮೆಷಿನ್ ರೂಮಿನಲ್ಲಿ ನಿಂತವನು ಕಾಣುವುದಿಲ್ಲ. ಧ್ವನಿ ಮಾತ್ರ ಕೇಳಿಸುತ್ತದೆ. ಕೆಳಗಿನವನು 'ಕರೆಂಟು?' ಎಂದು ಕೂಗುತ್ತಾನೆ, ಮೇಲಿನವನು 'ತೆಗೆದಿದೆ' ಎನ್ನುತ್ತಾನೆ. ಆ ಒಂದು ಮಾತನ್ನು ನಂಬಿ ಕೆಳಗಿನವನು ತಲೆ ಒಳಗೆ ಹಾಕುತ್ತಾನೆ. ಅವತ್ತು ಮೇಲಿನವನು 'ತೆಗೆದಿದೆ' ಎಂದಿದ್ದ. ಚಹಾಕ್ಕೆ ಹೋಗುವ ಮುಂಚೆ ಅವನೇ ತೆಗೆದಿದ್ದ ಕೂಡ. ಚಹಾ ಕುಡಿದು ಬರುವಷ್ಟರಲ್ಲಿ ಕಟ್ಟಡದವರಾರೋ ಬಂದು ಮತ್ತೆ ಹಾಕಿದ್ದರು.

ಗುಂಡಿಯಲ್ಲಿ ಜೀವ ಬಿಟ್ಟಿದ್ದವನನ್ನು ಎತ್ತಿದ್ದು ಮೇಸ್ತ್ರಿ ಮತ್ತು ಕುಳ್ಳ. ಎತ್ತಿ, ಕಳಿಸಿ, ಕೈತೊಳೆದು ಇಬ್ಬರೂ ಕಟ್ಟಡದ ಹಿಂದೆ ಇಟ್ಟಿಗೆ ರಾಶಿಯ ಮೇಲೆ ಕೂತರು. ಮೇಸ್ತ್ರಿ ಹೇಳಿದ.

"ಅವನು ಸುಳ್ಳು ಹೇಳಲಿಲ್ಲ ಕಣೋ. ನೆನಪಿನ ಮೇಲೆ ಹೇಳಿದ. ನಾನು ಕೆಳಗಿಂದ ಕೇಳಿದಾಗ ನೀನು ನೆನಪಿನ ಮೇಲೆ ಹೇಳಬೇಡ, ನನಗೆ ಬೇಜಾರಾಗುತ್ತೆ ಅಂತ ಹೇಳಬೇಡ, ಬೇಗ ಮುಗೀಲಿ ಅಂತ ಹೇಳಬೇಡ. ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟು, ಆಮೇಲೆ ಹೇಳು. ಏನಿದೆಯೋ ಅದನ್ನ."

ಕುಳ್ಳ ಆಗಲಿ ಎಂದ. ಮೇಸ್ತ್ರಿಗೆ ಅಷ್ಟು ಸಾಲಲಿಲ್ಲ. ಕೈ ಮೇಲೆ ಕೈ ಹಾಕಿಸಿಕೊಂಡ.

ಅಂದಿನಿಂದ ಕೆಳಗಿನಿಂದ ಬರುತ್ತಿದ್ದ ಕೂಗು ಬದಲಾಯಿತು. 'ಕೈಯಿಟ್ಟು ಹೇಳು' ಎಂದು ಮೇಸ್ತ್ರಿ ಕೂಗುತ್ತಿದ್ದ. ಕುಳ್ಳ ಎದ್ದು ಹೋಗಿ, ತಣ್ಣನೆಯ ಕಬ್ಬಿಣದ ಹಿಡಿಯನ್ನು ಮುಟ್ಟಿ, 'ಕೈಯಿಟ್ಟೇ ಹೇಳ್ತಿದೀನಿ, ತೆಗೆದಿದೆ' ಎನ್ನುತ್ತಿದ್ದ. ದಿನಕ್ಕೆ ಹತ್ತು ಸಲ, ಹದಿನೈದು ಸಲ. ಬೇರೆ ತಂಡದವರು ಇವರನ್ನು ಗಂಡ ಹೆಂಡಿರು ಎಂದು ರೇಗಿಸುತ್ತಿದ್ದರು. ನಮ್ಮ ಹೆಂಡಿರ ಮಾತಿಗೆ ನಾವು ಇಷ್ಟು ಬೆಲೆ ಕೊಟ್ಟಿದ್ದರೆ ಎಲ್ಲೋ ಇರುತ್ತಿದ್ದೆವು ಎಂದು ಮೇಸ್ತ್ರಿ ಉತ್ತರ ಕೊಡುತ್ತಿದ್ದ.

*

ಮೇಸ್ತ್ರಿಯ ಅಕ್ಕ ಐದು ಮಹಡಿಯನ್ನೂ ನಡೆದೇ ಹತ್ತಿ ಬಂದಳು. ಅರವತ್ತು ದಾಟಿದವಳು, ಗಟ್ಟಿ ಹೆಂಗಸು; ಶಾಲೆಯೊಂದರಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಹನ್ನೊಂದು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಕೈಚೀಲವನ್ನು ಬಾಗಿಲ ಬಳಿ ಇಟ್ಟು, ನೇರ ಹೋಗಿ ತಮ್ಮನ ತಲೆದೆಸೆಯಲ್ಲಿ ಕೂತಳು. ಮುಸುಕು ಸರಿಸಿ ಮುಖ ನೋಡಿದಳು. ಕೂದಲಿಲ್ಲದ ತಲೆ, ಒಡೆದು ಕಪ್ಪಾದ ತುಟಿ. ಕುತ್ತಿಗೆಯ ಎಡಕ್ಕೆ ಮುಷ್ಟಿಗಾತ್ರದ ಗಡ್ಡೆ ಇನ್ನೂ ಹಾಗೇ ಇತ್ತು. ಅವನು ಸತ್ತದ್ದು ಅದಕ್ಕೆ ಗೊತ್ತಾದಂತಿರಲಿಲ್ಲ.

ಅವಳು ಅಳಲಿಲ್ಲ. ಮುಸುಕನ್ನು ಸರಿಮಾಡಿದಳು.

"ಹೇಳಿದ ಹಾಗೇ ಮಾಡಿದ" ಎಂದಳು, ಯಾರನ್ನೂ ನೋಡದೆ.

ಕೂತಿದ್ದ ಅಕ್ಕಪಕ್ಕದವರಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಪಾಠ ಒಪ್ಪಿಸುವವಳ ಹಾಗೆ ಏರಿಳಿತವಿಲ್ಲದೆ ಹೇಳಿದಳು. ಹನ್ನೊಂದು ವರ್ಷದ ಹಿಂದೆ ಅಮ್ಮ ಅವಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ತಮ್ಮ ದೂರದ ಊರಿನಲ್ಲಿ ಹೊಸ ಆಸ್ಪತ್ರೆಯೊಂದರ ಲಿಫ್ಟು ಕೂರಿಸುತ್ತಿದ್ದ. ತಿಳಿಸಿದರೆ ಕೆಲಸ ಬಿಟ್ಟು ಓಡಿಬರುತ್ತಾನೆ, ಕೆಲಸ ಹೋಗುತ್ತದೆ ಎಂದು, ಅವನು ಫೋನು ಮಾಡಿದಾಗಲೆಲ್ಲ ಅಮ್ಮ ಸುಧಾರಿಸುತ್ತಿದ್ದಾಳೆ ಎಂದೇ ಅಂದಿದ್ದಳು. ಎಲ್ಲ ಮುಗಿದ ಮಾರನೆಯ ದಿನ ಅವನು ಬಂದ. ಬಂದವನು ಜನರ ಎದುರಿಗೆ ಒಂದೇ ಮಾತು ಹೇಳಿದ. ನಿನಗೂ ಒಂದು ದಿನ ಹೀಗೇ ಆಗಲಿ, ಆಗ ಗೊತ್ತಾಗುತ್ತೆ.

"ಎರಡು ತಿಂಗಳ ಕೆಳಗೆ ಯಾರೋ ಹೇಳಿದ್ರು, ಹಿಂಗಿಂಗೆ ಅಂತ. ಮಾನ ಮರ್ಯಾದೆ ಬಿಟ್ಟು ನಾನೇ ಫೋನು ಮಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದ ಅಂತೀರಿ. ಅವಸರ ಇಲ್ಲ ಅಕ್ಕ, ಔಷಧಿ ಹಿಡೀತಿದೆ, ತಲೇಲಿ ನಾಲ್ಕು ಕೂದಲು ಬರಲಿ, ನಾನೇ ನಿನ್ನ ಮನೆಗೆ ಬರ್ತೀನಿ ಅಂದ. ನಾನು ಪೆದ್ದಿ, ಕಟ್ಟಿದ ಚೀಲ ಬಿಚ್ಚಿಟ್ಟೆ." ಅವಳು ಮುಸುಕಿನ ಅಂಚನ್ನು ಮಡಚಿ ಬಿಚ್ಚಿದಳು. "ಅಷ್ಟು ಸಿಹಿಯಾಗಿ ಅವನು ಹುಟ್ಟಿದಾಗಿನಿಂದ ಮಾತಾಡಿದವನಲ್ಲ. ಆಗಲೇ ಗೊತ್ತಾಗಬೇಕಿತ್ತು. ಎಲ್ಲಾ ತಿಳಿದುಕೊಂಡೇ ನನ್ನ ತಡೆದ. ತೀರಿಸಿಕೊಂಡ."

ಬಾಗಿಲ ಬಳಿ ನಿಂತಿದ್ದ ಕುಳ್ಳ ಮೇಸ್ತ್ರಿಯ ಹೆಂಡತಿಯ ಕಡೆ ನೋಡಿದ. ಅವಳು ತಲೆಯನ್ನು ಎಡಕ್ಕೂ ಬಲಕ್ಕೂ ತುಸುವೇ ಆಡಿಸಿದಳು.

*

ಕಾಯಿಲೆ ಶುರುವಾಗಿದ್ದು ಹೆಲ್ಮೆಟ್ಟಿನ ಪಟ್ಟಿಯಿಂದ. ಕುತ್ತಿಗೆಗೆ ಒತ್ತುತ್ತದೆ ಎಂದು ಮೇಸ್ತ್ರಿ ಅದನ್ನು ಒಂದು ತೂತು ಸಡಿಲ ಮಾಡಿದ. ತಿಂಗಳು ಬಿಟ್ಟು ಇನ್ನೊಂದು ತೂತು. ಬೆಳಿಗ್ಗೆ ಎದ್ದರೆ ದಿಂಬು ಹಿಂಡುವಷ್ಟು ಬೆವರು. ಅಷ್ಟಾದರೂ, ಪಟ್ಟಿ ಹಳತಾಗಿ ಕುಗ್ಗಿದೆ ಎಂದು ಕಂಪನಿಯ ಸ್ಟೋರಿನವನ ಜೊತೆ ಜಗಳವಾಡಿ ಹೊಸ ಹೆಲ್ಮೆಟ್ಟು ತಂದಿದ್ದ.

ಮೊದಲ ಚಿಕಿತ್ಸೆ ಆರು ಸುತ್ತು, ಮೂರು ವಾರಕ್ಕೊಂದು. ಎರಡನೆಯ ಸುತ್ತಿಗೇ ಗಡ್ಡೆ ಕರಗಿ ಕುತ್ತಿಗೆ ಸಪಾಟಾಯಿತು. ಮನೆಯಲ್ಲಿ ಸಿಹಿ ಹಂಚಿದರು. ಮೇಸ್ತ್ರಿ ಮಾತ್ರ ತಿನ್ನಲಿಲ್ಲ. ನಾವು ಹುಡುಕಿ ತೆಗೆಯದೆ ತಾನಾಗಿ ನಿಂತ ಸದ್ದು ಹೋಗಿರುವುದಿಲ್ಲ, ಅಡಗಿರುತ್ತದೆ ಎಂದು ಅವನು ಲಿಫ್ಟಿನ ವಿಷಯದಲ್ಲಿ ಹೇಳುತ್ತಿದ್ದ, ಅದನ್ನೇ ಹೇಳಿದ. ಆರನೆಯ ಸುತ್ತು ಮುಗಿದ ತಿಂಗಳಿಗೆ ಕುತ್ತಿಗೆ, ಕಂಕುಳು, ಹೊಟ್ಟೆಯೊಳಗೆ ಎಲ್ಲ ಕಡೆ ಗಡ್ಡೆಗಳು ಕಾಣಿಸಿಕೊಂಡವು.

ಡಾಕ್ಟರು ಅಷ್ಟೇನೂ ವಯಸ್ಸಾಗದ ಹೆಂಗಸು. ಕಾಗದದ ಮೇಲೆ ಗುಂಡಗಿನ ಚಿತ್ರ ಬರೆದು ತಿಳಿಸಿದರು. ಸೋಂಕಿನ ಜೊತೆ ಹೊಡೆದಾಡುವ ಜೀವಕಣಗಳು ಕುತ್ತಿಗೆ, ಕಂಕುಳ ಗಂಟುಗಳಲ್ಲಿ ಇರುತ್ತವೆ. ಕೆಟ್ಟುಹೋದ ಕಣ ತನ್ನನ್ನು ತಾನೇ ಮುಗಿಸಿಕೊಳ್ಳಬೇಕು, ಅದು ಮೈಯ ನಿಯಮ. ಔಷಧಿ ಬಹಳ ಸಲ ಕಣವನ್ನು ಕೊಲ್ಲುವುದಿಲ್ಲ, ಗಾಯ ಮಾಡುತ್ತದೆ. ಸಾಯುವ ಆಜ್ಞೆ ಕಣದ ಒಳಗಿನಿಂದಲೇ ಬರಬೇಕು. ನಿಮ್ಮಲ್ಲಿ ಆ ಆಜ್ಞೆ ನಡೆಯುತ್ತಿಲ್ಲ, ಅದಕ್ಕೇ ಎಲ್ಲರಿಗೂ ಕೊಡುವ ಔಷಧಿಗೆ ಇದು ಬಗ್ಗುತ್ತಿಲ್ಲ ಎಂದರು.

ಮೇಸ್ತ್ರಿ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ.

"ಅಂದ್ರೆ ಲಿಮಿಟ್ ಸ್ವಿಚ್ಚು ಹೋಗಿದೆ" ಎಂದ. ಲಿಫ್ಟಿನ ಬಾವಿಯ ತುದಿಯಲ್ಲಿ ಒಂದು ಸ್ವಿಚ್ಚಿರುತ್ತದೆ, ಕೇಬಿನ್ನು ಕೊನೆಯ ಮಹಡಿ ದಾಟಿ ಮೇಲೆ ಹೋದರೆ ಅದಕ್ಕೆ ತಗುಲಿ ಕರೆಂಟು ತಾನೇ ಕಡಿಯುತ್ತದೆ, ಅದು ಕಚ್ಚಿಕೊಂಡರೆ ಯಾವ ಗುಂಡಿ ಒತ್ತಿದರೂ ಅಷ್ಟೇ, ಸೂರಿಗೆ ಗುದ್ದುವ ತನಕ ಏರುತ್ತಲೇ ಇರುತ್ತದೆ ಎಂದು ವಿವರಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಇಷ್ಟು ಚೆನ್ನಾಗಿ ನಮ್ಮ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ ಎಂದರು. ಬೇರೆ ದಾರಿಯಿಂದ ಕರೆಂಟು ಕಡಿಯಲು ನೋಡೋಣ ಎಂದು ಎರಡನೆಯ ಚಿಕಿತ್ಸೆ ಬರೆದರು. ಅದು ಹೆಚ್ಚು ಖಾರದ್ದು. ಅದಕ್ಕೆ ಗಡ್ಡೆ ಬಗ್ಗಿದರೆ ಹೊಸ ರಕ್ತ ಹುಟ್ಟಿಸುವ ಅವನದೇ ಬೀಜಕಣಗಳನ್ನು ತೆಗೆದಿಟ್ಟು, ಕೊನೆಯ ದೊಡ್ಡ ಪೆಟ್ಟು ಕೊಟ್ಟು, ಅವನ್ನು ಮರಳಿ ಮೈಗೆ ಸೇರಿಸಬಹುದು. ಬಗ್ಗದಿದ್ದರೆ ಆ ಬಾಗಿಲು ತೆರೆಯುವುದಿಲ್ಲ.

ಬಗ್ಗಲಿಲ್ಲ. ಎರಡು ಸುತ್ತಾದ ಮೇಲೆ ತೆಗೆದ ಸ್ಕ್ಯಾನ್ ಚಿತ್ರದಲ್ಲಿ ಗಡ್ಡೆಗಳು ಮೊದಲಿಗಿಂತ ದೊಡ್ಡವಾಗಿದ್ದವು. ಮೇಸ್ತ್ರಿ ವಾರ್ಡಿನಲ್ಲಿ ಮಲಗಿದ್ದ. ಡಾಕ್ಟರು ಅವನ ಹೆಂಡತಿಗೂ ಕುಳ್ಳನಿಗೂ ವಾರ್ಡಿನ ಹೊರಗೆ ಹೇಳಿದರು. ಉಳಿದಿರುವುದು ಒಂದು ಔಷಧಿ, ಹತ್ತರಲ್ಲಿ ಒಬ್ಬರಿಗೆ ಹಿಡಿದೀತು, ಹಿಡಿಯದಿದ್ದರೆ ಬಾಯಿ, ರಕ್ತ ಎರಡನ್ನೂ ಹಾಳುಮಾಡುತ್ತದೆ. ಇಲ್ಲವೇ ನೋವಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತೇನೆ. ಎರಡು ಮೂರು ತಿಂಗಳು ಉಣ್ಣಬಹುದು, ನಾಲ್ಕು ಜನರ ಜೊತೆ ಮಾತಾಡಬಹುದು. ಯಾವುದು ಬೇಕೆಂದು ಅವರೇ ಹೇಳಬೇಕು, ನಾಳೆ ನಾನು ಕೇಳುತ್ತೇನೆ.

ನಾವೇ ತಿಳಿಸುತ್ತೇವೆ, ನೀವು ಸಹಿಗೆ ಮಾತ್ರ ಬನ್ನಿ ಎಂದಳು ಹೆಂಡತಿ. ಡಾಕ್ಟರು ಅತ್ತ ಹೋದದ್ದೇ ಕುಳ್ಳನ ತೋಳು ಹಿಡಿದಳು.

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಇವತ್ತೇ ಸೂಜಿ ಕಿತ್ತೆಸೆದು ಮನೆಗೆ ಬರ್ತಾರೆ. ನಿಮಗೆ ಗೊತ್ತಲ್ಲ ಅವರು. ಹತ್ತರಲ್ಲಿ ಒಂದು ಅಂದ್ರೆ ಒಂದು ಇದೆ ತಾನೆ ಅಣ್ಣ? ಅದನ್ನ ಕೇಳೋದು ತಪ್ಪಾ?"

"ತಪ್ಪಲ್ಲ. ಆದ್ರೆ..."

"ನಾನು ಹೇಳಿದ್ರೆ ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ."

ಅದು ನಿಜವಾಗಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ.

ಮೇಸ್ತ್ರಿ ಎಚ್ಚರವಾಗಿದ್ದ. ಕುಳ್ಳ ಮಂಚದ ಪಕ್ಕ ನಿಂತ. ಕಿಟಕಿಯಾಚೆ ಎದುರು ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದವರನ್ನು ನೋಡುತ್ತ ಮೇಸ್ತ್ರಿ ಅವರು ಹಗ್ಗ ಕಟ್ಟಿಕೊಂಡಿರುವ ರೀತಿ ಸರಿಯಿಲ್ಲ ಎಂದ. ಆಮೇಲೆ ನೋಟ ಇತ್ತ ತಿರುಗಿಸಿದ.

"ಚಿತ್ರ ಬಂತಾ?"

"ಬಂತು."

"ಹಿಡೀತಿದೆಯಾ?"

ಕುಳ್ಳ ಬಣ್ಣ ಬಳಿಯುವವರ ಕಡೆ ನೋಡಿದ.

"ಕೈಯಿಟ್ಟು ಹೇಳು" ಎಂದ ಮೇಸ್ತ್ರಿ.

ಕುಳ್ಳನ ಕೈ ಮಂಚದ ಕಂಬಿಯ ಮೇಲಿತ್ತು. ಕಂಬಿ ತಣ್ಣಗಿತ್ತು. "ಕೈಯಿಟ್ಟೇ ಹೇಳ್ತಿದೀನಿ ಮೇಸ್ತ್ರಿ. ಹಿಡೀತಿದೆ. ಇನ್ನೊಂದು ಸುತ್ತು ಬೇಕಂತೆ."

"ಹಂಗಾದ್ರೆ ಸರಿ" ಎಂದು ಮೇಸ್ತ್ರಿ ಕಣ್ಣು ಮುಚ್ಚಿದ. ಮಾರನೆಯ ದಿನ ಡಾಕ್ಟರು ಬಂದು, ನಿಮ್ಮವರು ಎಲ್ಲ ಹೇಳಿದ್ದಾರಾ ಎಂದರು. ಎಲ್ಲಾ ಹೇಳಿದ್ದಾರೆ ಎಂದ. ಕಾಗದ ಕೊಟ್ಟರು. ತಿರುಗಿಸಿಯೂ ನೋಡದೆ ಸಹಿ ಹಾಕಿದ.

ಅಕ್ಕನ ಫೋನು ಬಂದದ್ದು ಅದಾಗಿ ವಾರಕ್ಕೆ. ಮಾತಾಡಿ ಮುಗಿಸಿದವನು ಕುಳ್ಳನ ಹತ್ತಿರ, ಮುದುಕಿ ಆಗಿದ್ದಾಳೆ ಕಣೋ, ಧ್ವನಿ ಥೇಟ್ ಅಮ್ಮನ ಹಂಗೇ ಆಗಿದೆ ಎಂದ. ಹದಿನೈದು ದಿನದಲ್ಲಿ ಬಾಯಿ ತುಂಬ ಹುಣ್ಣಾಗಿ ಮಾತು ನಿಂತಿತು. ಸೋಂಕು ತಗುಲಬಾರದೆಂದು ಗಾಜಿನ ಕೋಣೆಗೆ ಹಾಕಿದರು. ಅಕ್ಕನಿಗೆ ಈಗಲಾದರೂ ತಿಳಿಸೋಣ ಎಂದು ಕುಳ್ಳ ಎರಡು ಸಲ ಹೇಳಿದ. ಅವರು ಬಂದು ಗಾಜಿನಾಚೆ ನಿಂತರೆ ಇವರಿಗೆ ಗೊತ್ತಾಗಿಬಿಡುತ್ತದೆ ಎಂದು ಹೆಂಡತಿ ಎರಡು ಸಲವೂ ತಡೆದಳು. ಮೇಸ್ತ್ರಿಗೆ ಆ ದಿನಗಳಲ್ಲಿ ಏನಾದರೂ ಹೊಳೆದಿತ್ತೋ ಇಲ್ಲವೋ. ಹೊಳೆದಿದ್ದರೂ ಕೇಳಲು ಅವನ ಬಳಿ ಬಾಯಿರಲಿಲ್ಲ.

*

ಕುಳ್ಳ ಹೋಗಿ ಅಕ್ಕನ ಎದುರು ನೆಲದ ಮೇಲೆ ಕೂತ.

"ಅಕ್ಕ, ಅವರು ತೀರಿಸಿಕೊಳ್ಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಔಷಧಿ ಹಿಡೀತಿದೆ ಅಂತ ಅವರಿಗೆ ಸುಳ್ಳು ಹೇಳಿದ್ದು ನಾನು. ಅದನ್ನೇ ನಂಬಿ ನಿಮಗೂ ಹಂಗೇ ಹೇಳಿದ್ರು. ನಿಮ್ಮ ಮನೆಗೆ ಬರಬೇಕು ಅಂತಲೇ ಇದ್ರು."

ಅಕ್ಕ ಅವನ ಮುಖವನ್ನು, ತಪ್ಪು ಉತ್ತರ ಬರೆದ ಹುಡುಗನನ್ನು ನೋಡುವ ಹಾಗೆ ನೋಡಿದಳು. ಆದರೆ ಅವಳ ಕೈ ಮುಸುಕಿನ ಅಂಚನ್ನು ಬಿಟ್ಟಿತ್ತು. ನಂಬಲು ಅವಳಿಗೆ ಮನಸ್ಸಿತ್ತು.

"ನೀನ್ಯಾಕೆ ಹಂಗೆ ಹೇಳಿದೆ?"

ಕುಳ್ಳ ತಲೆಯೆತ್ತಲಿಲ್ಲ. ಎತ್ತಿದ್ದರೆ ಮೇಸ್ತ್ರಿಯ ಹೆಂಡತಿಯ ಕಡೆಗೆ ನೋಡಬೇಕಾಗುತ್ತಿತ್ತು. "ನಾನೇ ಹೇಳಿದೆ" ಎಂದಷ್ಟೇ ಅಂದ.

ಹೆಂಡತಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಆಸ್ಪತ್ರೆಯ ಫೈಲಿತ್ತು.

"ಅಕ್ಕ, ಅಣ್ಣಂಗೆ ದುಃಖ, ಏನೇನೋ ಮಾತಾಡ್ತಿದ್ದಾರೆ. ಡಾಕ್ಟರು ಇವರಿಗೆ ಎಲ್ಲಾ ಹೇಳಿದ್ರು. ನೋಡಿ ಬೇಕಾದ್ರೆ."

ಅಕ್ಕ ಕನ್ನಡಕ ಹಾಕಿಕೊಂಡಳು. ಲೆಕ್ಕದ ಮೇಡಂ ಆಗಿದ್ದವಳು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ಕಾಯಿಲೆ ಈವರೆಗಿನ ಎರಡೂ ಚಿಕಿತ್ಸೆಗೆ ಬಗ್ಗಿಲ್ಲ, ಮುಂದಿನದಕ್ಕೆ ಬಗ್ಗುವ ಸಾಧ್ಯತೆ ಕಡಿಮೆ ಎಂಬುದನ್ನು ರೋಗಿಗೆ ವಿವರಿಸಲಾಗಿದೆ. ರೋಗಿಗೆ ಅರ್ಥವಾಗಿದೆ. ಕೆಳಗೆ ಮೇಸ್ತ್ರಿಯ ಸಹಿ ಇತ್ತು. ತಾರೀಖನ್ನೂ ಅವನೇ ಹಾಕಿದ್ದ.

"ಅವನದೇ ಸಹಿ" ಎಂದಳು.

"ಅವರು ಅದನ್ನ ಓದಲಿಲ್ಲ, ಅಕ್ಕ. ನಾನು ಹೇಳಿದ್ದೀನಿ ಅಂತ..."

"ಓದದೆ ಸಹಿ ಹಾಕೋನಲ್ಲ ನನ್ನ ತಮ್ಮ. ಬಸ್ ಟಿಕೆಟ್ಟಿನ ಹಿಂದೆ ಬರೆದಿರೋದನ್ನೂ ಓದೋನು." ಅವಳು ಕನ್ನಡಕ ತೆಗೆದು ಮಡಚಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಅವನ ಜೊತೆ ಕೆಲಸ ಮಾಡಿದೋನು. ಹೋದವನ ಮರ್ಯಾದೆ ಉಳಿಸೋಕೆ ನೋಡ್ತಿದೀಯ. ಒಳ್ಳೇದೇ. ಆದ್ರೆ ನನಗೆ ಸುಳ್ಳು ಬೇಡ."

ಹೆಂಡತಿ ಫೈಲನ್ನು ವಾಪಸು ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಕುಳ್ಳ ಅವಳನ್ನು ನೋಡಿದ. ಈ ಸಲ ಅವಳು ತಲೆ ಆಡಿಸಲಿಲ್ಲ. ಅವಳು ಇನ್ನು ಈ ಮನೆಯಲ್ಲಿ ಒಬ್ಬಳೇ ಬದುಕಬೇಕಿತ್ತು. ಹತ್ತರಲ್ಲಿ ಒಂದನ್ನು ಕೇಳಿದ್ದು ತಾನು ಎಂಬುದನ್ನು ಜೊತೆಗಿಟ್ಟುಕೊಂಡು ಬದುಕಲು ಅವಳಿಂದ ಆಗುತ್ತಿರಲಿಲ್ಲ. ಗಂಡ ಸೇಡಿನವನು ಎನ್ನಿಸಿಕೊಂಡರೂ ಸತ್ತವನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಕುಳ್ಳನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

ಮೂರು ಗಂಟೆಗೆ ಎತ್ತಿದರು. ವ್ಯಾನಿನವರು ತಲೆಯ ಕಡೆ, ಕುಳ್ಳ ಮತ್ತು ಗುಮಾಸ್ತರು ಕಾಲಿನ ಕಡೆ. ಇಳಿಯುವಾಗ ಕಾಲಿನ ಕಡೆಯವರಿಗೇ ಭಾರ ಜಾಸ್ತಿ. ಗುಮಾಸ್ತರು ನಾಲ್ಕನೆಯ ಮಹಡಿಯಲ್ಲೇ ಏದುಸಿರು ಬಿಡತೊಡಗಿದರು. ಇಷ್ಟು ಸಣ್ಣಗಾದ ಮನುಷ್ಯ ಇಷ್ಟು ಭಾರವೇ ಎಂದರು. ತಿರುವಿನಲ್ಲಿ ಸ್ಟ್ರೆಚರನ್ನು ಓರೆ ಮಾಡಿ, ಗೋಡೆಗೆ ತಾಗದಂತೆ ತಿರುಗಿಸಿ, ಒಂದೊಂದೇ ಮೆಟ್ಟಿಲು ಇಳಿದರು.

ಮೂರನೆಯ ಮಹಡಿಗೆ ಬಂದಾಗ ಪಕ್ಕದಲ್ಲಿ ಲಿಫ್ಟು ಕೆಳಗೆ ಹೋಯಿತು. ಬಾಗಿಲಿನ ಅಂಗೈಯಗಲದ ಗಾಜಿನಲ್ಲಿ ಒಂದು ಕ್ಷಣ ಇಬ್ಬರು ಹೆಂಗಸರು ಕಂಡರು. ನಾದಿನಿ ಅತ್ತಿಗೆಯರು ಒಬ್ಬರಿಗೊಬ್ಬರು ಆತುಕೊಂಡು ನಿಂತಿದ್ದರು. ಹನ್ನೊಂದು ವರ್ಷದ ಮೇಲೆ ಅವರಿಬ್ಬರೂ ಒಂದಾಗಿದ್ದರು.

ಕುಳ್ಳ ಹಿಡಿತ ಸರಿಮಾಡಿಕೊಂಡ.

ಇಪ್ಪತ್ತೆರಡು ವರ್ಷದಲ್ಲಿ ಮೇಸ್ತ್ರಿ ಕೆಳಗಿನಿಂದ ಸಾವಿರಾರು ಸಲ ಕೇಳಿದ್ದ. ಒಂದು ಸಲ ಕುಳ್ಳ ಸುಳ್ಳು ಹೇಳಿದ. ಕೊಟ್ಟ ಮಾತಿಗೆ ಅವನು ತಪ್ಪಿದ್ದ.